ಮೊದಲು ಪ್ರೈಮರ್, ಆಮೇಲೆ ಬಣ್ಣ

ಬಣ್ಣದ ಡಬ್ಬ ಕೈಗೆ ಸಿಕ್ಕರೆ ಮುಚ್ಚಳ ತೆಗೆದು ಮೂಸಿ ನೋಡದೆ ಕೆಳಗಿಡುವ ಆಸಾಮಿಯಲ್ಲ ನಮ್ಮಣ್ಣ. ಕಾರುಗಳಿಗೆ ಬಣ್ಣ ಹೊಡೆಯುವುದು ಅವನ ಕಸುಬು. ಒಂದು ಕಾರು ಗೇಟಿಗೆ ಉಜ್ಜಿಕೊಂಡು ಬರುತ್ತದೆ, ಇನ್ನೊಂದು ಕಂಬಕ್ಕೆ ಗುದ್ದಿಕೊಂಡು ಬರುತ್ತದೆ. ಅಣ್ಣ ತಗ್ಗು ಎತ್ತಿ, ಪುಟ್ಟಿ ತುಂಬಿ, ವಾಟರ್ ಪೇಪರಿನಲ್ಲಿ ತಿಕ್ಕಿ, ಪ್ರೈಮರ್ ಹೊಡೆದು, ಆಮೇಲಷ್ಟೇ ಬಣ್ಣಕ್ಕೆ ಕೈ ಹಾಕುತ್ತಾನೆ. ಬಿಳಿಯಲ್ಲೇ ಎಷ್ಟು ಬಗೆ ಇದೆ ಅಂತ ಅವನ ಹತ್ತಿರ ಕೇಳಬೇಡಿ, ಕೇಳಿದರೆ ಆ ದಿನದ ಕೆಲಸ ಕೆಟ್ಟಿತು ಅಂತಲೇ ತಿಳಿಯಿರಿ. ಗ್ಯಾರೇಜಿನ ಹಿಂದೆಯೇ ಮನೆ, ಮಹಡಿಯ ಕೋಣೆಯಲ್ಲಿ ಅವನ ತಂಗಿಯಾದ ನಾನು. ಬಸ್ ನಿಲ್ದಾಣದ ಕಿಟಕಿಯಲ್ಲಿ ಕೂತು ಟಿಕೆಟ್ ಕೊಡುತ್ತೇನೆ, ಜನರ ಮೇಲೆ ರೇಗಲಾಗದ್ದನ್ನೆಲ್ಲ ಉಳಿಸಿಕೊಂಡು ಬಂದು ಮನೆಯವರ ಮೇಲೆ ರೇಗುತ್ತೇನೆ.

ಇಂಥವನ ಮನೆಗೆ ಮಗಳು ಮೇಕಪ್ ಪೆಟ್ಟಿಗೆ ತಂದಳು.

ಮಗಳೆಂದರೆ ಗುಬ್ಬಿ. ಅವಳಿಗೆ ಬೇರೆ ಹೆಸರಿದೆ, ಆದರೆ ಆ ಹೆಸರಿನಿಂದ ಕರೆಯುವವರು ಯಾರೂ ಇಲ್ಲ. ಓದು ತಲೆಗೆ ಹತ್ತಲಿಲ್ಲ. ಹೊಲಿಗೆ ಕಲಿಯಲು ಹೋಗಿ ಬಿಟ್ಟಳು, ಟೈಪಿಂಗಿಗೆ ಹೋಗಿ ಅದನ್ನೂ ಬಿಟ್ಟಳು. ಕೊನೆಗೆ ದೊಡ್ಡ ಬೀದಿಯ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕಲಿಯಲು ಸೇರಿದಳು ನೋಡಿ, ಹುಡುಗಿಯ ನಡಿಗೆಯೇ ಬದಲಾಯಿತು. ಊಟಕ್ಕೆ ಕೂತರೂ ಮುಖಕ್ಕೆ ಹಚ್ಚುವ ಸೀರಮ್ಮು, ಎದ್ದರೂ ಸೀರಮ್ಮು. ಆದರೆ ಪಾರ್ಲರಿನ ಮೇಡಂ, ಕಲಿಯುವ ಹುಡುಗಿಯರಲ್ಲಿ ಒಬ್ಬಳನ್ನು ಮಾತ್ರ ಕೆಲಸಕ್ಕೆ ಇಟ್ಟುಕೊಳ್ಳುವುದಾಗಿ ಹೇಳಿಬಿಟ್ಟಿದ್ದರು. ಅದಕ್ಕೊಂದು ಪರೀಕ್ಷೆಯೂ ಇತ್ತು. ಪ್ರತಿಯೊಬ್ಬಳೂ ಕಲೆ ಇರುವ ಒಂದು ಮುಖವನ್ನು ತಾನೇ ಹುಡುಕಿ ಕರೆತರಬೇಕು. ಕಲೆ ಕಾಣದ ಹಾಗೆ ಪೂರ್ತಿ ಮೇಕಪ್ ಮಾಡಬೇಕು, ಮುಚ್ಚಿದ ಗುರುತೂ ಕಾಣಬಾರದು. ಇದರಲ್ಲಿ ಸೋತರೆ ಅವಳಿಗಾಗಿ ಸೋದರಮಾವನ ಗೋದಾಮು ಕಾದಿತ್ತು, ಡಬ್ಬಗಳಿಗೆ ಲೇಬಲ್ ಅಂಟಿಸುವ ಕೆಲಸ. ಅತ್ತಿಗೆ ಆಗಲೇ ತಮ್ಮನ ಹತ್ತಿರ ಮಾತಾಡಿಟ್ಟಿದ್ದರು. ಗೋದಾಮಿನ ಹೆಸರೆತ್ತಿದರೆ ಸಾಕು, ಗುಬ್ಬಿಯ ಕಣ್ಣು ತುಂಬುತ್ತಿತ್ತು.

ಕಲೆ ಇರುವ ಮುಖಕ್ಕೆ ಅವಳು ಊರೆಲ್ಲ ಅಲೆಯಬೇಕಾಗಲಿಲ್ಲ. ನನ್ನ ಎರಡೂ ಕೆನ್ನೆಗೆ ಬಂಗು ಹರಡಿದೆ.

"ಅತ್ತೆ, ನಿನ್ನ ಮುಖ ಕೊಡ್ತೀಯಾ?" ಅಂದಳು.

"ತಗೊಂಡು ಹೋಗಿ ವಾಪಸ್ ಕೊಡೋದಾದ್ರೆ ಕೊಡ್ತೀನಿ" ಅಂದೆ. ಒಳಗೊಳಗೇ ನನಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

ಪೆಟ್ಟಿಗೆ ಬಿಚ್ಚಿದ ಆ ಸಂಜೆ ಅಣ್ಣ ಗ್ಯಾರೇಜಿನಿಂದ ಚಹಾ ಕುಡಿಯಲು ಬಂದವನು ಚಹಾ ಮರೆತು ನಿಂತುಬಿಟ್ಟ. ಮೇಜಿನ ಮೇಲೆ ಪುಟ್ಟ ಪುಟ್ಟ ಶೀಶೆಗಳು, ಟ್ಯೂಬುಗಳು, ಮುಚ್ಚಳ ತೆರೆದರೆ ಒಳಗೆ ಗೋಧಿಬಣ್ಣ, ಜೇನುಬಣ್ಣ, ಮರಳುಬಣ್ಣ. ಅಣ್ಣ ಒಂದನ್ನು ಎತ್ತಿ ಬೆಳಕಿಗೆ ಹಿಡಿದ.

"ಇದೇನು?"

"ಪ್ರೈಮರ್ ಅಪ್ಪ. ಫೌಂಡೇಶನ್‌ಗೆ ಮುಂಚೆ ಹಚ್ಚೋದು."

ಅಣ್ಣನ ಮುಖ ನೋಡಬೇಕಿತ್ತು ಆಗ. ಕಳೆದುಹೋದ ನೆಂಟ ಸಿಕ್ಕ ಹಾಗೆ ಅರಳಿತು. "ಮುಖಕ್ಕೂ ಪ್ರೈಮರ್ ಇದೆಯೇನೇ! ನೋಡು, ನಾನು ಹೇಳ್ತಿರಲಿಲ್ವಾ, ಪ್ರೈಮರ್ ಇಲ್ದೆ ಯಾವ ಬಣ್ಣಾನೂ ಹಿಡಿಯಲ್ಲ ಅಂತ!" ಅವನು ಹಾಗೆ ನಮಗೆ ಯಾವತ್ತೂ ಹೇಳಿರಲಿಲ್ಲ. ನಮಗೆ ಯಾಕೆ ಹೇಳುತ್ತಾನೆ? ಆದರೂ ಎಲ್ಲರೂ ಹೂಂ ಅಂದೆವು.

ಅಲ್ಲಿಂದ ಶುರುವಾಯಿತು. ಕನ್ಸೀಲರ್ ಅಂದರೆ ಪುಟ್ಟಿ, ಸ್ಕ್ರಬ್ ಅಂದರೆ ವಾಟರ್ ಪೇಪರ್, ಕೊನೆಗೆ ಹೊಡೆಯುವ ಸೆಟ್ಟಿಂಗ್ ಸ್ಪ್ರೇ ಅಂದರೆ ಲ್ಯಾಕರ್. ಅಣ್ಣ ಒಂದೊಂದಕ್ಕೂ ತನ್ನ ಗ್ಯಾರೇಜಿನಲ್ಲಿ ಜೊತೆ ಹುಡುಕಿದ. ಗುಬ್ಬಿ ಹೊಸದೇನು ತಂದರೂ ಮೊದಲು ಅಪ್ಪನಿಗೆ ತೋರಿಸುವುದು ರೂಢಿಯಾಯಿತು. ಅವನೋ ತನ್ನ ಕಸುಬಿನ ಪದ್ಧತಿ ಬಿಡಲಿಲ್ಲ. ಕಾರಿಗೆ ಬಣ್ಣ ಕೂಡಿಸಿದರೆ ಮೊದಲು ಒಂದು ತಗಡಿನ ಚೂರಿಗೆ ಹಚ್ಚಿ, ಬಿಸಿಲಲ್ಲಿ ಒಣಗಿಸಿ, ಆಮೇಲೆ ಗಾಡಿಯ ಪಕ್ಕ ಹಿಡಿದು ನೋಡುತ್ತಾನೆ. ಇಲ್ಲಿ ತಗಡಿನ ಬದಲು ತನ್ನ ಎಡಗೈ. ಮೊಣಕೈಯಿಂದ ಮಣಿಕಟ್ಟಿನವರೆಗೆ ಫೌಂಡೇಶನ್ನಿನ ಚುಕ್ಕೆ, ಲಿಪ್‌ಸ್ಟಿಕ್ಕಿನ ಗೆರೆ. ಆ ಕೈಯನ್ನು ಗ್ಯಾರೇಜಿನ ಮುಂದೆ ಬಿಸಿಲಿಗೆ ಚಾಚಿ ಕೂರುವನು. ಗಾಡಿ ಬಿಡಲು ಬಂದ ಗಿರಾಕಿಗಳು ಕೈ ನೋಡುವರು, ಮೀಸೆ ನೋಡುವರು, ಮತ್ತೆ ಕೈ ನೋಡುವರು. ಮೀಸೆ ಅಂದರೆ ಸಾಮಾನ್ಯದ್ದಲ್ಲ, ಎರಡು ಕಡೆಯೂ ಕೆನ್ನೆ ದಾಟಿ ಹೋಗುವಂಥದ್ದು. ಮದುವೆಗೆ ಮುಂಚಿನಿಂದ ಸಾಕಿಕೊಂಡು ಬಂದದ್ದು.

"ಏನ್ರೀ ಇದು, ಬೀದೀಲಿ ಹೋಗೋರೆಲ್ಲ ನಗ್ತಾರೆ" ಅಂತ ಅತ್ತಿಗೆ ಗೊಣಗಿದರು.

"ನಗಲಿ ಬಿಡೇ. ಒಣಗಿದ ಮೇಲೆ ಬಣ್ಣ ಹೇಗೆ ತಿರುಗುತ್ತೆ ಅಂತ ಅವರಿಗೇನು ಗೊತ್ತು!"

ನಿಜ ಹೇಳಬೇಕು ಅಂದರೆ ಗುಬ್ಬಿ ಎಡವುತ್ತಿದ್ದದ್ದು ಒಂದೇ ಕಡೆ. ನನ್ನ ಬಂಗು ಮುಚ್ಚುತ್ತಿದ್ದಳು, ಆದರೆ ಮುಚ್ಚಿದ ಜಾಗ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತಿತ್ತು. ಒರೆಸುವಳು, ಹಚ್ಚುವಳು, ಮತ್ತೆ ಒರೆಸುವಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಒಂದು ದಿನ ಅಣ್ಣ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ.

"ನೀನು ಕಲೇನೇ ನೋಡ್ತಿದ್ದೀಯಮ್ಮ. ಕಲೆ ಬಿಡು, ಅದರ ಪಕ್ಕ ನೋಡು. ನಾನು ಬಾಗಿಲಿಗೆ ಬಣ್ಣ ಹೊಡೆದ್ರೆ ಬಾಗಿಲಿಗೇ ನಿಲ್ಲಿಸಲ್ಲ. ಪಕ್ಕದ ಮಡ್‌ಗಾರ್ಡ್ ಮೇಲೂ ಸ್ವಲ್ಪ ಹಾಯಿಸ್ತೀನಿ, ಬರ್ತಾ ಬರ್ತಾ ತೆಳು ಮಾಡ್ತೀನಿ. ಬಣ್ಣ ಎಲ್ಲಿ ಮುಗೀತು ಅಂತ ಬಣ್ಣಕ್ಕೇ ಗೊತ್ತಾಗಬಾರದು."

ಗುಬ್ಬಿ ಸ್ಪಂಜು ಹಿಡಿದು ಕಲೆಯಿಂದ ಕಿವಿಯ ಕಡೆಗೆ, ದವಡೆಯ ಕಡೆಗೆ ತಟ್ಟುತ್ತಾ ತಟ್ಟುತ್ತಾ ಹೋದಳು. ಕನ್ನಡಿ ಕೊಟ್ಟಾಗ ನಾನು ನೋಡಿದೆ. ನನ್ನದೇ ಕೆನ್ನೆ, ನನ್ನದೇ ಬಣ್ಣ, ಬಂಗು ಮಾತ್ರ ಇಲ್ಲ. ಅಪ್ಪ ಮಗಳು ಇಬ್ಬರೂ ಕೂಗಾಡಿ ಕುಣಿದರು. ನಾನು ರೇಗಬೇಕು ಅಂದುಕೊಂಡೆ, ರೇಗಲು ಏನೂ ಸಿಗಲಿಲ್ಲ. ಅಷ್ಟು ಖುಷಿಯಾಗಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಅವನು ನಮ್ಮಣ್ಣನೇ ಅಲ್ಲ.

ಪರೀಕ್ಷೆಯ ಹಿಂದಿನ ದಿನ, ಗುಬ್ಬಿ ಪಾರ್ಲರಿಗೆ ಹೋಗಿದ್ದಾಗ, ಮಹಡಿಗೆ ಬಂದು ಗುಟ್ಟು ಹೇಳುವವನ ಹಾಗೆ ಕರೆದ. "ಬಾರೇ ಕೆಳಗೆ. ಒಂದು ಹೊಸಾ ಐಡಿಯಾ." ಹೋಗಿ ನೋಡಿದರೆ ಸಣ್ಣ ಗೀರುಗಳಿಗೆ ಬಳಸುವ ಪುಟಾಣಿ ಸ್ಪ್ರೇ ಗನ್ನು. ಅದರ ಬಟ್ಟಲಿಗೆ ಫೌಂಡೇಶನ್ ಹಾಕಿ, ರೋಸ್ ವಾಟರಿನಲ್ಲಿ ತೆಳು ಮಾಡಿಟ್ಟಿದ್ದಾನೆ!

"ಸ್ಪಂಜು, ಬೆರಳು ಎಲ್ಲ ಯಾತಕ್ಕೆ? ಮಂಜು ಬಿದ್ದ ಹಾಗೆ ಬೀಳುತ್ತೆ ನೋಡು. ನಾಳೆ ಗುಬ್ಬೀನ ಹಿಡಿಯೋರಿಲ್ಲ."

"ತೊಳೆದಿದ್ದೀಯಾ ಅದನ್ನ?"

"ಥಿನ್ನರಲ್ಲಿ ತೊಳೆದೆ, ಸೋಪಲ್ಲಿ ತೊಳೆದೆ, ಕೈ ಮೇಲೆ ಹೊಡ್ಕೊಂಡೂ ನೋಡ್ದೆ. ಏನೂ ಆಗಿಲ್ಲ."

ಕೈ ತೋರಿಸಿದ. ಮಂಜಿನ ಹಾಗೆಯೇ ಬಿದ್ದಿತ್ತು, ಸುಳ್ಳಲ್ಲ. ನನಗೂ ಹುಮ್ಮಸ್ಸು ಬಂತು. ಕಣ್ಣು ಮುಚ್ಚಿ ಕೂತೆ. ಕಂಪ್ರೆಸರ್ ಗುಡುಗುಡು ಅಂದಿತು, ಮುಖದ ಮೇಲೆ ತಣ್ಣಗೆ ಹಾಯಿತು. ಕಣ್ಣು ಬಿಟ್ಟು ಕನ್ನಡಿ ನೋಡಿದರೆ ಎಂಥ ನುಣುಪು! ಆಮೇಲೆ ಸ್ವಲ್ಪ ತಿರುಗಿದೆ. ಮಿಣಮಿಣ ಅಂತ ಬೆಳ್ಳಿ ಹೊಳಪು. ಗನ್ನಿನ ಗಂಟಲಲ್ಲಿ ಯಾವುದೋ ಕಾರಿನ ಬೆಳ್ಳಿಬಣ್ಣ ಕೂತಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತಿರುವಾಗಲೇ ಉರಿ ಶುರುವಾಯಿತು.

ತನ್ನ ತಪ್ಪು ಎಲ್ಲಿತ್ತು ಅಂತ ಅಣ್ಣನಿಗೆ ಆಗ ಹೊಳೆಯಿತು. ವರ್ಷಗಟ್ಟಲೆ ಥಿನ್ನರಿನಲ್ಲಿ ಅದ್ದಿ ಅದ್ದಿ ಅವನ ಕೈ ಚರ್ಮ ದಪ್ಪಗಾಗಿದೆ. ಆ ಕೈ ಬಣ್ಣ ಹೇಳೀತೇ ಹೊರತು ಉರಿ ಹೇಳುವುದಿಲ್ಲ. ಮಧ್ಯಾಹ್ನ ಕ್ಲಿನಿಕ್ಕಿನ ಬಾಗಿಲು ಮುಚ್ಚುವ ಹೊತ್ತಿಗೆ ಹೋಗಿ ಡಾಕ್ಟರನ್ನು ಹಿಡಿದೆವು. ಒಂದು ವಾರ ತಣ್ಣೀರು ಬಿಟ್ಟು ಮುಖಕ್ಕೆ ಏನನ್ನೂ ಮುಟ್ಟಿಸಬೇಡಿ ಅಂದರು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು.

ಸಂಜೆ ಗುಬ್ಬಿ ಬಂದು ಊದಿಕೊಂಡ ನನ್ನ ಮುಖ ನೋಡಿದಳು, ಗನ್ನು ನೋಡಿದಳು. ಕೂಗಾಡಿದ್ದರೆ ಚೆನ್ನಾಗಿತ್ತು, ಕೂಗಾಡಲಿಲ್ಲ. "ಹೋಗಲಿ ಬಿಡಪ್ಪ. ಗೋದಾಮಿಗೇ ಹೋಗ್ತೀನಿ" ಅಂದು ಪೆಟ್ಟಿಗೆಯನ್ನು ಕಪಾಟಿನ ಮೇಲೆ ಎಸೆದಳು. ಅಣ್ಣ ಅನ್ನ ಮುಟ್ಟಲಿಲ್ಲ. ಅತ್ತಿಗೆ ಅವನಿಗೆ ಮಾಡಿದ ಮಂಗಳಾರತಿಯನ್ನು ನಾನಿಲ್ಲಿ ಬರೆಯುವುದಿಲ್ಲ.

ಬೆಳಿಗ್ಗೆ ನಾನು ಕೆಳಗಿಳಿದು ಬಂದಾಗ ಅಡುಗೆಮನೆಯ ಬಾಗಿಲಲ್ಲಿ ಯಾರೋ ಅಪರಿಚಿತ ನಿಂತಿದ್ದ. ಅಪರಿಚಿತ ಬಾಯಿಬಿಟ್ಟಾಗ ಅದು ಅಣ್ಣ. ಮೀಸೆ ಇರಲಿಲ್ಲ.

"ಗುಬ್ಬಿ, ಏಳೇ. ಕಲೆ ಇರೋ ಮುಖ ತಾನೇ ಬೇಕು? ಇದಕ್ಕಿಂತ ಬೇಕಾ?" ಅಂತ ಬಲಗೆನ್ನೆ ತೋರಿಸಿದ. ವಯಸ್ಸಿನಲ್ಲಿ ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದು ಸುಟ್ಟುಕೊಂಡ ಕಪ್ಪು ಕಲೆ ಅದು. ಅರ್ಧ ಭಾಗವನ್ನು ಮೀಸೆಯೇ ಮುಚ್ಚಿತ್ತು, ಈಗ ಅಂಗೈಯಗಲ ಕಾಣುತ್ತಿತ್ತು.

ಗುಬ್ಬಿ ಹಾಸಿಗೆಯ ಮೇಲೆ ಎದ್ದು ಕೂತವಳು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಆಮೇಲೆ ಹತ್ತಿರ ಬಂದು, ಗದ್ದ ಹಿಡಿದು ತಿರುಗಿಸಿ, ಮೇಲ್ದುಟಿಯನ್ನು ದಿಟ್ಟಿಸಿದಳು. ಮೀಸೆಯ ಅಡಿಯ ಚರ್ಮ ಬಿಸಿಲು ಕಾಣದೆ ಬೆಳ್ಳಗಿತ್ತು. "ಅಪ್ಪ, ನೀನು ಎರಡು ಬಣ್ಣದ ಗಾಡಿ ಕಣಪ್ಪ!" ಅಂದಳು. ಆ ಮಾತಿನಲ್ಲಿ ಹಳೆಯ ಗುಬ್ಬಿ ವಾಪಸು ಬಂದಿದ್ದಳು. ಕಪಾಟಿನ ಮೇಲಿಂದ ಪೆಟ್ಟಿಗೆ ಇಳಿಯಿತು.

ಪಾರ್ಲರಿನಲ್ಲಿ ಉಳಿದ ಹುಡುಗಿಯರು ತಂತಮ್ಮ ಅಕ್ಕಂದಿರನ್ನೋ ಗೆಳತಿಯರನ್ನೋ ಕರೆತಂದಿದ್ದರು. ನಡುವೆ ನಮ್ಮಣ್ಣ. ಮೇಡಂ ಒಂದು ಗಳಿಗೆ ನೋಡಿ, "ಮುಖ ತನ್ನಿ ಅಂದಿದ್ದೆ, ಗಂಡಸರದ್ದು ಬೇಡ ಅಂದಿರಲಿಲ್ಲ. ಕೂತ್ಕೊಳ್ಳಿ. ಆದ್ರೆ ಪೂರ್ತಿ ಮೇಕಪ್ಪು, ಲಿಪ್‌ಸ್ಟಿಕ್ಕೂ ಸೇರಿ" ಅಂದರು.

"ಎಲ್ಲಾ ಹಾಕ್ಲಿ ಮೇಡಂ" ಅಂದ ಅಣ್ಣ, ಧಾರಾಳವಾಗಿ.

"ಮತ್ತೆ, ಕೂತವರು ಮಾತಾಡೋ ಹಾಗಿಲ್ಲ."

ಅದೇ ಅವನಿಗೆ ದೊಡ್ಡ ಶಿಕ್ಷೆ. ನಾನು ಕರವಸ್ತ್ರ ಮುಚ್ಚಿಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೆ. ಗುಬ್ಬಿ ಮುಖ ತೊಳೆದು, ಸೀರಮ್ ಹಚ್ಚಿ, ಪ್ರೈಮರ್ ತೆಗೆದಾಗ ಅಣ್ಣ ಹುಬ್ಬು ಕುಣಿಸಿದ. ಕಲೆಗೆ ಒಂದು ಬಣ್ಣ, ಬೆಳ್ಳಗಿನ ತುಟಿಯಂಚಿಗೆ ಇನ್ನೊಂದು, ಎರಡನ್ನೂ ತನ್ನ ಕೈ ಮೇಲೆ ಕೂಡಿಸಿ ಕಿಟಕಿಯ ಬೆಳಕಲ್ಲಿ ನೋಡಿದಳು. ಅಣ್ಣ ಕಣ್ಣಲ್ಲೇ ಏನೋ ಹೇಳಹೊರಟ. "ಕಣ್ಣೂ ಮುಚ್ಚಿ" ಅಂದರು ಮೇಡಂ. ಅಲ್ಲಿಂದಾಚೆ ಗುಬ್ಬಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಮೊದಲು ಹಚ್ಚಿದ್ದನ್ನು ಒರೆಸಿ ಮತ್ತೆ ಹಚ್ಚಿದಳು. ಆಮೇಲೆ ಸ್ಪಂಜು ಕಲೆಯಿಂದ ಕಿವಿಗೆ, ತುಟಿಯಿಂದ ಕೆನ್ನೆಗೆ ತೆಳುವಾಗುತ್ತಾ ಹೋಯಿತು. ನನ್ನ ಮುಖದ ಉರಿಯೂ ಮರೆತುಹೋಗಿತ್ತು.

ಮೇಡಂ ಒಬ್ಬೊಬ್ಬರನ್ನೂ ಬೀದಿಬಾಗಿಲಿಗೆ ಕರೆದೊಯ್ದು ಹಗಲು ಬೆಳಕಲ್ಲಿ ನೋಡಿದರು. ಅಣ್ಣನ ಗದ್ದ ಹಿಡಿದು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಮತ್ತೆ ಎಡಕ್ಕೆ.

"ಕಲೆ ಯಾವ ಕಡೆ ಇತ್ತು?" ಅಂತ ಕೇಳಿದರು.

ಗುಬ್ಬಿ ತೋರಿಸಿದಳು. ಮೇಡಂ ಕನ್ನಡಕ ತೆಗೆದು ಇನ್ನೂ ಹತ್ತಿರದಿಂದ ನೋಡಿದರು. "ಸೋಮವಾರದಿಂದ ಕೆಲಸಕ್ಕೆ ಬಾಮ್ಮ" ಅಂದರು. ಗುಬ್ಬಿ ಕಿರುಚಿದ ಸದ್ದಿಗೆ ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಮಾತಾಡಬಾರದೆಂಬುದನ್ನು ಮರೆತು ಅಣ್ಣನೂ ಕಿರುಚಿದ.

ಕುಣಿಯುತ್ತಾ ಒಳಗೆ ಬಂದವನು ದೊಡ್ಡ ಕನ್ನಡಿಯ ಮುಂದೆ ತಟಕ್ಕನೆ ನಿಂತ. ಅಷ್ಟು ಹೊತ್ತೂ ಅವನು ತನ್ನ ಮುಖ ನೋಡಿಕೊಂಡಿರಲಿಲ್ಲ. ನಾನೂ ಪಕ್ಕಕ್ಕೆ ಹೋಗಿ ನಿಂತು ಕನ್ನಡಿ ನೋಡಿದೆ. ಮೀಸೆ ಇಲ್ಲದ ಆ ತುಟಿ, ಕಾಡಿಗೆ ತೀಡಿದ ಆ ಕಣ್ಣು. ಕನ್ನಡಿಯಲ್ಲಿ ನಮ್ಮಮ್ಮ ನಿಂತಿದ್ದಳು.

ಅವಳು ತೀರಿಹೋದಾಗ ಗುಬ್ಬಿ ಇನ್ನೂ ಹುಟ್ಟಿರಲಿಲ್ಲ. ಮನೆಯಲ್ಲಿ ಅವಳದೊಂದು ಪಟವೂ ಇಲ್ಲ. ಅಣ್ಣ ಕೈ ಎತ್ತಿ ಕನ್ನಡಿಯಲ್ಲಿನ ಕೆನ್ನೆಯನ್ನು ಮುಟ್ಟಿದ. "ಏನೇ," ಅಂದ ನನ್ನ ಕಡೆ ತಿರುಗದೆ, "ಅಮ್ಮ ಕಣೇ."

ಗುಬ್ಬಿ ಮುಖ ಒರೆಸಲು ಹತ್ತಿ ಹಿಡಿದು ಬಂದವಳು ಅಲ್ಲೇ ನಿಂತಳು. ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು.

"ಅತ್ತೆ, ಅಜ್ಜಿ ಹೀಗಿದ್ರಾ?"

"ಹೀಗೇ ಇದ್ದಳು" ಅಂದೆ. "ಅವಳು ಇಷ್ಟು ಹೊತ್ತು ಮಾತಾಡದೆ ಕೂತಿದ್ದನ್ನ ಮಾತ್ರ ನಾನು ಯಾವತ್ತೂ ನೋಡಿಲ್ಲ."

ಅಣ್ಣ ನಕ್ಕ. ಕನ್ನಡಿಯಲ್ಲಿ ಅಮ್ಮನೂ ನಕ್ಕಳು. ಗುಬ್ಬಿ ಹತ್ತಿಯನ್ನು ಡಬ್ಬಕ್ಕೆ ವಾಪಸು ಹಾಕಿ, ಅಜ್ಜಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.