ಗುಂಡಿ ಬೀಳದ ಡಬ್ಬಿ

ಹಿಂದಿನಿಂದ ಕರೆದರೆ ಮಗಳು ತಿರುಗುವುದಿಲ್ಲ. ಈ ಒಂದು ಯೋಚನೆ ತಾಯಿಯ ತಲೆಯೊಳಗೆ ಹುಳ ಹೊಕ್ಕಂತೆ ಕೊರೆಯುತ್ತಿತ್ತು.

ಅವಳ ಕೆಲಸವೇ ಕಿವಿ ಪರೀಕ್ಷೆ. ಮಷೀನನ್ನು ಚೀಲದಲ್ಲಿ ಹೊತ್ತು ಶಾಲೆ ಶಾಲೆ ಸುತ್ತುವುದು. ಸದ್ದು ನುಗ್ಗದ ಕೋಣೆ ಶಾಲೆಯಲ್ಲಿ ಎಲ್ಲಿಂದ ಬರಬೇಕು? ಮುರಿದ ಬೆಂಚು ಪೇರಿಸಿಟ್ಟ ಮೂಲೆಯಲ್ಲಿ, ಮೈದಾನದ ಗಲಾಟೆ, ಫ್ಯಾನಿನ ಕಟಕಟದ ನಡುವೆ ಮಗುವಿಗೆ ಹೆಡ್‌ಫೋನ್ ಹಾಕಿ, "ಕುಂಯ್ ಅಂದಾಗೆಲ್ಲ ಡಬ್ಬಿಗೊಂದು ಗುಂಡಿ ಹಾಕು ಪುಟ್ಟಾ" ಅನ್ನುವಳು. ಗುಂಡಿ ಬಿದ್ದರೆ ಸರಿ. ಬೀಳದಿದ್ದರೆ ಗದ್ದಲ ತಗ್ಗಿದ ಮೇಲೆ ಇನ್ನೊಮ್ಮೆ. ಆಗಲೂ ಬೀಳದಿದ್ದರೆ ದೊಡ್ಡಾಸ್ಪತ್ರೆಯ ಸದ್ದು ನುಗ್ಗದ ಕೋಣೆಗೆ ಚೀಟಿ. "ಹೆದರಿ ಕೂತರೆ ಮಗೂಗೇ ನಷ್ಟ ಕಣಮ್ಮಾ" ಎಂದು ಅಳುವ ತಾಯಂದಿರಿಗೆ ಬುದ್ಧಿ ಹೇಳುವುದರಲ್ಲಿ ಅವಳದು ಎತ್ತಿದ ಕೈ.

ದೀಪದ ಬುಡದಲ್ಲೇ ಕತ್ತಲೆ. ನಾಲ್ಕು ತುಂಬಿದರೂ ತೊದಲು ಬಿಡದ ಮಗಳನ್ನು ಮನೆಯಲ್ಲಿ ಎಷ್ಟು ಸಲ ಪರೀಕ್ಷೆಗೆ ಕೂರಿಸಿದ್ದಳೋ! ಗುಂಡಿ ಬೀಳದಾಗಲೆಲ್ಲ ಒಂದೊಂದು ನೆಪ: ಪಕ್ಕದ ಮನೆಯ ಮಿಕ್ಸಿ, ಬೀದಿಯ ಬೈಕು, ಫ್ರಿಜ್ಜಿನ ಗುಂಯ್. "ಇನ್ನೊಮ್ಮೆ" ಅನ್ನುವಳು. ಚೀಟಿ ಮಾತ್ರ ಬರೆಯಳು.

"ಕಾಮಾಲೆ ಕಣ್ಣಿಗೆ ಊರೆಲ್ಲ ಹಳದಿ," ಅತ್ತೆ ಗೊಣಗುತ್ತಿದ್ದರು. "ಮಗೂಗೆ ಅವರಪ್ಪನ ಹಟ ಕಣೇ. ನನ್ನ ಮಗ ಊಟಕ್ಕೆ ಕರೆದಾಗ ಬಿಟ್ಟು ಇನ್ಯಾವಾಗ ತಿರುಗಿದ್ದಾನೆ ಹೇಳು?"

ಅವಳೂ ನಗುತ್ತಿದ್ದಳು. ನಗುವುದೇ ಸುಲಭವಿತ್ತು.

ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು, ಫ್ರಿಜ್ಜು, ಪಕ್ಕದ ಟೀವಿ ಎಲ್ಲವೂ ಗಪ್‌ಚುಪ್. ಬೈಯಲು ಒಂದು ಸದ್ದೂ ಉಳಿಯಲಿಲ್ಲ. ಬ್ಯಾಟರಿಯ ಮಷೀನು ತೆಗೆದು ಮಗಳಿಗೆ ಹೆಡ್‌ಫೋನ್ ಹಾಕಿದಳು. ಬಟನ್ ಒತ್ತುವ ಕೈಯನ್ನು ದಿಂಬಿನ ಹಿಂದೆ ಮರೆಮಾಡಿದಳು. ಒತ್ತಿದಳು. ಶಬ್ದ ಏರಿಸಿದಳು, ಮತ್ತೂ ಏರಿಸಿದಳು. ಹೆಡ್‌ಫೋನಿನಿಂದ ಸೋರಿದ ಕುಂಯ್ ಅವಳಿಗೇ ಕೇಳಿಸಿತು. ಮಗಳು ಗುಂಡಿ ಹಿಡಿದು ಅಮ್ಮನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು. ತಡೆಯಲಾರದೆ ಅಮ್ಮನ ಹುಬ್ಬು ಮೇಲೆದ್ದಿತು. ಟಣ್! ಗುಂಡಿ ಬಿತ್ತು. ಮಗಳು ಗೆದ್ದವಳಂತೆ ನಕ್ಕಳು.

ಇಷ್ಟು ದಿನ ಬಿದ್ದ ನಾಲ್ಕಾರು ಗುಂಡಿಗಳೂ ಹೀಗೇ ಬಿದ್ದಿದ್ದವು.

ದೊಡ್ಡಾಸ್ಪತ್ರೆಯ ಕೋಣೆ ನೋಡಿಕೊಳ್ಳುವ ಹಿರಿಯ ಸಹೋದ್ಯೋಗಿಗೆ ಫೋನು ಮಾಡಿದಳು.

"ಭಾನುವಾರವೂ ಬಿಡಲ್ವಲ್ಲೇ ಮಹಾತಾಯಿ! ಯಾವ ಸ್ಕೂಲಿನ ಮಗು?"

"ಸ್ಕೂಲಿಂದಲ್ಲ ಅಕ್ಕಾ. ನನ್ನದೇ."

ಆಚೆ ಕಡೆಯ ನಗು ನಿಂತಿತು. "ಯಾವಾಗಿಂದ ಅನುಮಾನ ನಿಂಗೆ?"

ಮನೆಯಲ್ಲಿನ್ನೂ ಕರೆಂಟು ಬಂದಿರಲಿಲ್ಲ.

"ಎರಡು ವರ್ಷದಿಂದ," ಅಂದಳು.