ಅಂದ್ರೆಷ್ಟು ವಕೀಲರು

ಕಚೇರಿಯಲ್ಲಿ ನಾವು ಅವರಿಗೆ ಇಟ್ಟ ಹೆಸರು ‘ಅಂದ್ರೆಷ್ಟು ವಕೀಲರು’. ಸಾಫ್ಟ್‌ವೇರ್ ಪೇಟೆಂಟುಗಳನ್ನು ರದ್ದು ಮಾಡಿಸುವುದೇ ಅವರ ಕಸುಬು. ಪೇಟೆಂಟಿನಲ್ಲಿ ಹಕ್ಕು ಕೋರಿದ ಸಾಲುಗಳ ಪದಪದಕ್ಕೂ ಪೆನ್ಸಿಲ್ ಊರುತ್ತಾ, ಅಳತೆಗೆ ಸಿಗದ ಪದವೊಂದು ಸಿಕ್ಕುವವರೆಗೆ ಕುರ್ಚಿ ಬಿಟ್ಟೇಳುವುದಿಲ್ಲ. ಫೋಟೊಗಳನ್ನು ಬೇಗ ಹುಡುಕುವ ವಿಧಾನಕ್ಕಾಗಿ ಒಂಬತ್ತು ವರ್ಷ ಸವೆಸಿದ್ದ ಹೆಂಗಸನ್ನು, “ಬೇಗ ಅಂದ್ರೆ ಎಷ್ಟಮ್ಮಾ? ಇಲ್ಲಿ ಬರೆದೇ ಇಲ್ವಲ್ಲ” ಎಂದು ಕೇಳಿದರು, ಆಕೆಯ ಪೇಟೆಂಟು ಬಿದ್ದುಹೋಯಿತು. ಮನೆಯವರ ಜೊತೆಗೂ ಅದೇ ಚಾಳಿ. ಹೆಂಡತಿ ಫೋನಿನಲ್ಲಿ “ಬೇಗ ಬನ್ರೀ” ಎಂದರೆ, “ಬೇಗ ಅಂದ್ರೆ ಎಷ್ಟೊತ್ತಿಗೆ?” ಎನ್ನುತ್ತಿದ್ದರು. “ನಿಮ್ಮ ಜೊತೆ ಏಗೋಕಾಗಲ್ಲಪ್ಪ” ಎಂದು ಆಕೆ ನಗುವುದು ನಮಗೂ ಕೇಳಿಸುತ್ತಿತ್ತು. ಮೊನ್ನೆ ಆಸ್ಪತ್ರೆಯಲ್ಲಿ ಅವರ ಪಕ್ಕದಲ್ಲಿ ನಾನಿದ್ದೆ. ಹೆಂಡತಿಯ ರಿಪೋರ್ಟು ಮಡಚುತ್ತಾ ಡಾಕ್ಟರು, “ಇನ್ನು ಸ್ವಲ್ಪ ದಿನ ಇರ್ತಾರೆ, ಅಷ್ಟೇ” ಎಂದರು. ವಕೀಲರ ಕೈ ಜೇಬಿನ ಪೆನ್ಸಿಲಿಗೆ ಹೋಯಿತು. “ಸರಿ” ಎಂದರು, ಎಷ್ಟೆಂದು ಕೇಳಲಿಲ್ಲ.