ಹುಳು ಮನೆಯ ಹೊಸಿಲು

ದೊಡ್ಡತ್ತೆಯ ಬೆರಳ ತುದಿಗಳು ರಾಶಿ ಬಟ್ಟೆ ಒಗೆದೆದ್ದವರ ಬೆರಳಿನಂತೆ ಸದಾ ಬಿಳಿಚಿ ಸುಕ್ಕುಗಟ್ಟಿರುತ್ತಿದ್ದವು. ರೇಷ್ಮೆ ಹುಳು ಮನೆಗೆ ಕಾಲಿಡುವ ಮುಂಚೆ ಪ್ರತಿ ಸಲವೂ ಬ್ಲೀಚಿಂಗ್ ಪೌಡರ್ ಕದಡಿದ ನೀರಿನಲ್ಲಿ ಅವರು ಕೈ ಅದ್ದಲೇಬೇಕು. ನಮಗೆ ಅನ್ನ ಬಡಿಸುವಾಗಲೂ ಅವರ ಕೈಯಲ್ಲಿ ಅದೇ ವಾಸನೆ. ಈಗ ಆಸ್ಪತ್ರೆಯಲ್ಲಿ ಆಯಾ ನೆಲ ಒರೆಸುವಾಗ ಆ ವಾಸನೆ ಬಂದರೆ ನನಗೆ ಮೊದಲು ಭಯವಾಗುತ್ತದೆ, ಆಮೇಲೆ ಅವರ ನೆನಪಾಗುತ್ತದೆ.

ಅವರು ನನ್ನ ಮಾವನವರ ಅಣ್ಣನ ಹೆಂಡತಿ. ಅಂಬಾಜಿದುರ್ಗದ ಬುಡದಲ್ಲಿ ನಮ್ಮದು ಕೂಡು ಕುಟುಂಬ, ಹುಳು ಮನೆ ಪೂರ್ತಿ ಅವರ ಸುಪರ್ದಿ. ಅಲ್ಲಿ ಅವರ ಕಟ್ಟಳೆ ಎಂದರೆ ಕಟ್ಟಳೆ. ಸೆಂಟ್ ಹಾಕಿಕೊಂಡು ಬಂದ ಸ್ವಂತ ಅಳಿಯನನ್ನೇ ಬಾಗಿಲಲ್ಲಿ ತಡೆದು ಸ್ನಾನಕ್ಕೆ ಕಳಿಸಿದ್ದರು. ಹೊರಗಾದ ಹೆಂಗಸರಂತೂ, ಅಂದರೆ ಮುಟ್ಟಾದವರು, ಆ ಹೊಸಿಲು ದಾಟುವಂತಿರಲಿಲ್ಲ. ಹುಳಕ್ಕೆ ರೋಗ ಬರುತ್ತದೆಂದು ಊರೆಲ್ಲ ನಂಬಿತ್ತು. ಯಾರು ಬಂದರೂ ಅವರ ಮೊದಲ ಮಾತು ಒಂದೇ: "ಕೈ ಅದ್ಕೊಂಡು ಬಾಮ್ಮ."

ನಾನು ಆ ಮನೆಗೆ ಸೊಸೆಯಾಗಿ ಬಂದಾಗ ನನಗೆ ಮೂವತ್ತೇಳು. ಚಿಂತಾಮಣಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಬೆಳಗ್ಗೆ ಬಸ್ಸು ಹಿಡಿಯುವ ಮುಂಚೆ ಹುಳಕ್ಕೆ ಸೊಪ್ಪು ಹಾಕುವುದು ನನ್ನ ಪಾಲಿನ ಕೆಲಸ. ಹೀಗಾಗಿ ನನ್ನ ತಿಂಗಳ ಸುದ್ದಿ ಮನೆಗೆಲ್ಲ ತಾನಾಗಿ ಗೊತ್ತಾಗುತ್ತಿತ್ತು. ನಾನು ಹೊಸಿಲಾಚೆ ನಿಂತೆನೆಂದರೆ ಈ ತಿಂಗಳೂ ಬಸಿರಿಲ್ಲ. ನನ್ನ ಅತ್ತೆ, ಗಂಡನ ತಾಯಿ, ಒಂದು ಮಾತೂ ಆಡುತ್ತಿರಲಿಲ್ಲ. ಸೊಪ್ಪಿನ ಬುಟ್ಟಿಯನ್ನು ತಾವೇ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಬೈದಿದ್ದರೆ ವಾಸಿಯಿತ್ತು. ದಿನ ಹತ್ತಿರ ಬಂದಂತೆ ನನಗೆ ಪಾಠದ ಮಧ್ಯೆ ಸೊಂಟ ಹಿಡಿದುಕೊಂಡರೂ ಮುಟ್ಟಾಯಿತೇನೋ ಎಂದು ಭಯವಾಗುತ್ತಿತ್ತು.

ಸಮಾಧಾನಕ್ಕೆ ಇದ್ದದ್ದು ಒಂದೇ ಮಾತು. ದೊಡ್ಡತ್ತೆ ನಲವತ್ತೆರಡಕ್ಕೆ ಹೆತ್ತಿಲ್ಲವೇ, ನಮ್ಮ ಮನೆತನದಲ್ಲಿ ತಡವಾದರೂ ಆಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಅವರ ಕೊನೆಯ ಮಗ ಕಣ್ಣೆದುರೇ ಟ್ರ್ಯಾಕ್ಟರ್ ಓಡಿಸಿಕೊಂಡು ಗಟ್ಟಿಮುಟ್ಟಾಗಿದ್ದ. ನಾನು ಬೇರೆ ಮನೆತನದಿಂದ ಬಂದವಳೆಂಬುದನ್ನು ಯಾರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಡಾಕ್ಟರ ಬಳಿ ಹೋದರೆ ಏನು ಹೇಳಿಬಿಡುತ್ತಾರೋ ಎಂಬ ಹೆದರಿಕೆಗೆ ಆ ಮಾತು ಒಳ್ಳೆಯ ನೆಪವಾಗಿತ್ತು.

ಒಂದು ಸಲ ಮೂರೇ ವಾರಕ್ಕೆ ಹೊರಗಾದೆ. ಹಿಂದಿನ ತಿಂಗಳೂ ಹಾಗೆಯೇ ಆಗಿತ್ತು. ಇದೇನು, ಎಲ್ಲ ನಿಂತೇ ಹೋಗುವ ಕಾಲ ಬಂತೇ ಎಂದುಕೊಂಡು ಹುಳು ಮನೆಯ ಬಾಗಿಲಲ್ಲಿ ನಿಂತಿದ್ದೆ. ಅತ್ತೆ ತೋಟದಲ್ಲಿದ್ದರು. ದೊಡ್ಡತ್ತೆ ಪರದೆ ಸರಿಸಿ ನನ್ನ ಮುಖ ನೋಡಿದರು.

"ಕೈ ಅದ್ಕೊಂಡು ಬಾಮ್ಮ."

ಹೊರಗಿದ್ದೇನೆ ಎಂದೆ.

"ನಂಗೇನು ಕಣ್ಣಿಲ್ವಾ? ಹುಳಕ್ಕೆ ಹಸಿವೊಂದೇ ಗೊತ್ತು, ನಿನ್ನ ದಿನ ಗೊತ್ತಿಲ್ಲ. ಬಾ ಒಳಕ್ಕೆ."

ಆ ಕಟ್ಟಳೆಯ ಯಜಮಾನಿಯೇ ಅದನ್ನು ಮುರಿದಾಗ ನನಗೆ ಧೈರ್ಯಕ್ಕಿಂತ ದಿಗಿಲೇ ಹೆಚ್ಚಾಯಿತು. ಒಳಗೆ ಸೊಪ್ಪು ಹರಡುತ್ತಾ ಅವರು ಮೆಲ್ಲಗೆ ಹೇಳಿದರು: "ಎಲ್ಲಾರೂ ನನ್ನ ಕೊನೇ ಮಗನ್ನೇ ತೋರಿಸ್ತಾರೆ. ಅವನಿಗಿಂತ ಮುಂಚೆ ಎರಡು ಬಸಿರು ಇಳಿದುಹೋದ್ವು, ಅದನ್ನ ಯಾರೂ ಹೇಳಲ್ಲ. ನಂಗಾಗ್ಲೇ ಮೂರು ಮಕ್ಕಳಿದ್ರು, ಹೋದ್ರೆ ಹೋಯ್ತು ಅಂದ್ಕೊಂಡೆ. ನಿಂಗೆ ಹಂಗಲ್ಲ. ನನ್ನ ನೋಡ್ಕೊಂಡು ಕೂತ್ಕೋಬೇಡ ಕಣಮ್ಮ. ಗಾಳಿ ಬಂದಾಗ ತೂರ್ಕೋಬೇಕು."

ಆ ವಾರವೇ ಚಿಂತಾಮಣಿಯ ಡಾಕ್ಟರಮ್ಮನ ಬಳಿಗೆ ನನ್ನ ಜೊತೆ ಬಂದರು. ಬೆಳೆ ಕೆಟ್ಟರೆ ಬರೀ ಸೊಪ್ಪನ್ನೇ ಬೈಯುವುದೇ ಎಂದು ನನ್ನ ಗಂಡನನ್ನೂ ಎಳೆದು ತಂದಿದ್ದರು. ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. ಹೆಣ್ಣು ಹುಟ್ಟುವಾಗಲೇ ತನ್ನ ಅಂಡಗಳನ್ನೆಲ್ಲ ತಂದಿರುತ್ತಾಳೆ, ಹೊಸತು ಹುಟ್ಟುವುದಿಲ್ಲ. ವಯಸ್ಸಾದಂತೆ ಅವು ಕಡಿಮೆಯಾಗುತ್ತವೆ, ಉಳಿದವುಗಳ ಕಸುವೂ ಕುಗ್ಗುತ್ತದೆ. ಮುಟ್ಟು ಬೇಗ ಬೇಗ ಬರುವುದು ಅದರ ಗುರುತಿರಬಹುದು. ಬಸಿರಾಗುವುದೂ ಕಷ್ಟ, ಆದದ್ದು ನಿಲ್ಲುವುದೂ ಕಷ್ಟ. ಮೂವತ್ತೈದು ದಾಟಿದವರು ಆರು ತಿಂಗಳು ನೋಡಿ ಬಂದುಬಿಡಬೇಕಿತ್ತು ಎಂದರು. ನನಗೆ ಥೈರಾಯ್ಡ್ ಇರುವುದು ಗೊತ್ತಾಯಿತು. ಗಂಡನಿಗೂ ಪರೀಕ್ಷೆ ಬರೆದುಕೊಟ್ಟು ಸಿಗರೇಟು ಬಿಡಿಸಿದರು. ಏಳುವ ಮುಂಚೆ ದೊಡ್ಡತ್ತೆ ಕೇಳಿದ್ದು ಒಂದೇ, ಇದರಲ್ಲಿ ಈ ಹುಡುಗಿಯ ತಪ್ಪೇನಾದರೂ ಇದೆಯೇ ಎಂದು. ಇಲ್ಲ ಎಂದರು ಡಾಕ್ಟರಮ್ಮ. ಆ ಉತ್ತರವನ್ನು ಮನೆಗೆ ಬಂದು ಎಲ್ಲರ ಊಟದ ಹೊತ್ತಿನಲ್ಲಿ ಹೇಳಿದರು.

ಅಂದಿನಿಂದ ನನ್ನ ಬೆಳಗಿನ ಪಾಳಿ ತಪ್ಪಿತು. ಕೆಲಸಕ್ಕೆ ಹೋಗುವವಳು, ತಾನು ಕರೆದಾಗ ಬಂದರೆ ಸಾಕೆಂದು ದೊಡ್ಡತ್ತೆ ಸಾರಿಬಿಟ್ಟರು. ಮುಟ್ಟಿನ ದಿನವೂ ಕರೆಯುತ್ತಿದ್ದರು, ಮುಟ್ಟಿಲ್ಲದ ದಿನವೂ ಒಮ್ಮೊಮ್ಮೆ ಬೇಡ ಎನ್ನುತ್ತಿದ್ದರು. ನನ್ನ ದಿನಗಳು ಯಾರಿಗೂ ತಿಳಿಯದಂತಾದವು. ಬೆಳೆ ಮಾತ್ರ ಯಾವತ್ತೂ ಕೆಡಲಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನಮ್ಮ ಗೂಡಿಗೆ ಒಳ್ಳೆಯ ಹೆಸರೇ ಇತ್ತು.

ಮರುವರ್ಷ ಬಸಿರಾದೆ. ಮೂರನೆಯ ತಿಂಗಳಲ್ಲಿ ಅದು ಉಳಿಯಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ದೊಡ್ಡತ್ತೆ ನನ್ನ ಕೈ ಹಿಡಿದು ಕೂತಿದ್ದರು, ಬುದ್ಧಿಮಾತು ಹೇಳಲಿಲ್ಲ. ಅದಾದ ಮೇಲೆ ಬಸಿರಾಗದಿದ್ದರೂ ಭಯ, ಆದರೂ ಭಯ. ಅದನ್ನು ಹೇಳಿಕೊಳ್ಳಲು ನನಗಿದ್ದವರು ಅವರೊಬ್ಬರೇ.

ಕಳೆದ ಬೆಳೆಯಲ್ಲಿ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಗಬಗಬ ತಿನ್ನುವ ದಿನಗಳಲ್ಲಿ ದೊಡ್ಡತ್ತೆ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಶಾಲೆಯಿಂದ ಓಡಿ ಬಂದಾಗ ಅವರನ್ನು ಜಗಲಿಯಲ್ಲಿ ಮಲಗಿಸಿದ್ದರು. ಹೆಣ ಮುಟ್ಟಿದವರು ಹುಳು ಮನೆಗೆ ಹೋಗುವಂತಿರಲಿಲ್ಲ, ಮನೆಯಲ್ಲಿ ಮುಟ್ಟದೆ ಉಳಿದವಳು ನಾನೊಬ್ಬಳೇ. ಹುಳಕ್ಕೆ ಸೊಪ್ಪು ಹಾಕಲು ನೀನು ಒಳಗೆ ಹೋಗಬಹುದೇ ಎಂದು ಅತ್ತೆ ನೆಂಟರೆದುರೇ ಕೇಳಿದರು.

ಅಂದು ಬೆಳಗ್ಗೆಯೇ ನಾನು ಹೊರಗಾಗಿದ್ದೆ. ಇನ್ನೊಂದು ತಿಂಗಳು ಹೋಗಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸುಮ್ಮನೆ ಮಲಗಿದ್ದ ದೊಡ್ಡತ್ತೆಯ ಬಿಳಿಚಿದ ಬೆರಳುಗಳನ್ನು ನೋಡಿ ಸುಳ್ಳಾಡಲು ಮನಸ್ಸಾಗಲಿಲ್ಲ.

"ಹೊರಗಿದ್ದೀನಿ ಅತ್ತೆ. ಆದ್ರೂ ಹೋಗ್ತೀನಿ. ದೊಡ್ಡತ್ತೆ ಇಷ್ಟು ದಿನವೂ ನನ್ನ ಕರ್ಕೊಳ್ತಿದ್ರು."

ಅತ್ತೆ ನನ್ನನ್ನು ನೋಡಿದರು, ತಮಗೆ ಅಕ್ಕನಂತಿದ್ದ ದೊಡ್ಡತ್ತೆಯ ಮುಖ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, ಸೊಪ್ಪಿನ ಬುಟ್ಟಿಯತ್ತ ಕೈ ತೋರಿಸಿದರು.

"ಕೈ ಅದ್ಕೊಂಡು ಹೋಗಮ್ಮ," ಎಂದರು.